ಬನ್ನುವಿನ ಒದ್ದೆ ಪಾದ

ಆ ಮನೆಯಲ್ಲಿ ಗಂಡನೂ ಹೆಂಡತಿಯನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮೊದಲ ಸಲ ಬಂದ ನೆಂಟರು ಅದನ್ನು ಕೇಳಿ ಮುಖ ಮುಖ ನೋಡಿಕೊಳ್ಳುತ್ತಿದ್ದರು, ಕಾಫಿ ಮುಗಿಯುವಷ್ಟರಲ್ಲಿ ಅವರೂ ಹಾಗೆಯೇ ಕರೆಯುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ತಲೆಗೂದಲು ನರೆಯುವ ತನಕ ದುಡಿದು ನಿವೃತ್ತರಾದ ಹೆಂಗಸು. ಸರ್ಜನ್ನುಗಳನ್ನೇ ಬಾಗಿಲಿನಿಂದ ವಾಪಸು ಕಳಿಸಿ ಇನ್ನೊಮ್ಮೆ ಕೈ ತೊಳೆಸಿದವರು ಎಂಬ ಖ್ಯಾತಿ ಅವರಿಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವರೂ ಹೆಚ್ಚಾಗಿ ಅವರೇ.

ಗಂಡ ದರ್ಜಿ. ನಡುಮನೆಯ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು, ಇಂಥ ಕೆಲಸಗಳನ್ನು ಮಾಡಿಕೊಂಡಿದ್ದರು. ಮನೆಯಲ್ಲಿ ಮಾತು ಬಿಸಿಯಾದರೆ ಯಂತ್ರವನ್ನು ಜೋರಾಗಿ ತುಳಿಯುವ ಜಾತಿಯ ಮನುಷ್ಯ. ಮಗ ಸರಕು ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಸೊಸೆ ಬೀದಿಯ ಕೊನೆಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿ, ಈಚೆಗಷ್ಟೇ ಒಲೆಯ ಜವಾಬ್ದಾರಿಗೆ ಏರಿದ್ದಳು. ಬ್ರೆಡ್ಡು ಒಳಗೆ ಹೋಗುವುದು, ಹೊರಗೆ ಬರುವುದು ಇನ್ನು ಅವಳ ಮಾತಿನಂತೆ. ಆ ಸುದ್ದಿ ತಂದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಬನ್ನು ಅವಳು ತಂದ ನಾಯಿ. ಬೇಕರಿಯ ಹಿಂಬಾಗಿಲಿನಲ್ಲಿ ಸಿಕ್ಕಿದ ಮರಿ, ಬೆನ್ನಿನ ಬಣ್ಣ ನೋಡಿ ಅವಳೇ ಹೆಸರಿಟ್ಟಿದ್ದಳು. ಮನೆಗೆ ಸೇರಿಸಿಕೊಳ್ಳುವಾಗ ಸಿಸ್ಟರ್ ಹಾಕಿದ್ದು ಒಂದೇ ಷರತ್ತು: ಹೊರಗೆ ಹೋಗಿ ಬಂದಾಗಲೆಲ್ಲ ಕಾಲು ತೊಳೆಯಬೇಕು. ತೊಳೆಯುವವರೂ ತಾವೇ, ಏಕೆಂದರೆ ಬೇರೆ ಯಾರು ತೊಳೆದರೂ ಅದು ತೊಳೆದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಬಚ್ಚಲುಮನೆ ಸಣ್ಣದೊಂದು ಥಿಯೇಟರಾಯಿತು. ರಬ್ಬರ್ ಚಾಪೆಯ ಮೇಲೆ ಬನ್ನು ನಿಲ್ಲುವುದು, ಸಿಸ್ಟರ್ ಮಣೆ ಹಾಕಿ ಕೂರುವುದು, ಬೆರಳ ಸಂದಿಯಿಂದ ಮೇಲಕ್ಕೆ ಬ್ರಷ್ಷು ಆಡಿಸುವುದು. ಆಂಟಿಸೆಪ್ಟಿಕ್ ಬಾಟಲಿಯ ಮೇಲೆ ಎಷ್ಟು ನೀರು ಬೆರೆಸಬೇಕೆಂದು ಬರೆದಿತ್ತು. ಸಿಸ್ಟರ್ ಕಣ್ಣಳತೆಯಲ್ಲೇ ಬೆರೆಸುತ್ತಿದ್ದರು, ಬರಬರುತ್ತಾ ನೀರು ಕಡಿಮೆಯಾಗಿ ಔಷಧಿ ಹೆಚ್ಚಾಯಿತು. ತೊಳೆದ ಮೇಲೆ ಟವೆಲ್ ಮುಟ್ಟಿಸುವಂತಿರಲಿಲ್ಲ. ಥಿಯೇಟರಿನಲ್ಲಿ ತೊಳೆದ ಕೈಗೆ ಕುದಿಸಿ ತೆಗೆದ ಹೊಸ ಟವೆಲ್ಲೇ ಆಗಬೇಕು, ಒಮ್ಮೆ ಬಳಸಿದ್ದು ಸೋಕಿದರೆ ಮತ್ತೆ ಮೊದಲಿನಿಂದ ತೊಳೆಯಬೇಕು. ಮನೆಯಲ್ಲಿ ಅಂಥ ಟವೆಲ್ ಎಲ್ಲಿಂದ ಬರಬೇಕು? ಅದಕ್ಕೆ ಬಟ್ಟೆಯೇ ಬೇಡ ಎಂದು ತೀರ್ಮಾನವಾಯಿತು. ಆದರೆ ಒದ್ದೆ ಕಾಲಿಗೆ ನೆಲದ ಧೂಳು ಮೆತ್ತಿಕೊಳ್ಳುತ್ತದಲ್ಲ? ಅದಕ್ಕೂ ಸಿಸ್ಟರ್ ದಾರಿ ಕಂಡುಹಿಡಿದರು. ಗಂಡನಿಂದ ಕಾಲುಚೀಲ ಹೊಲಿಸಿದರು: ಹೊರಗೆ ದಪ್ಪ ಹತ್ತಿ ಬಟ್ಟೆ, ಒಳಗೆ ಹಳೆಯ ರೇನ್‌ಕೋಟಿನ ಅಸ್ತರು, ಮೇಲೆ ಇಲಾಸ್ಟಿಕ್. ಹೊರಗಿನ ಕೊಳೆ ಒಳಗೆ ಹೋಗುವಂತಿರಲಿಲ್ಲ. ಒಳಗಿನ ನೀರು ಹೊರಗೆ ಬರುವಂತೆಯೂ ಇರಲಿಲ್ಲ, ಆದರೆ ಆ ಕಡೆ ಯಾರ ಗಮನವೂ ಹೋಗಲಿಲ್ಲ.

ಬನ್ನುವಿಗೆ ಸಿಸ್ಟರ್ ಎಂದರೆ ಪ್ರಾಣ. ಅವರು ಮಣೆ ಎಳೆದ ಸದ್ದು ಕೇಳಿದರೆ ಸಾಕು, ತಾನೇ ಹೋಗಿ ನಿಂತು ಕಾಲು ಎತ್ತುತ್ತಿತ್ತು. "ನೋಡಿ, ನಮ್ಮ ಸರ್ಜನ್ನುಗಳಿಗಿಂತ ಇವನೇ ವಾಸಿ" ಎಂದು ಸಿಸ್ಟರ್ ಹೇಳಿಕೊಂಡು ನಗುತ್ತಿದ್ದರು.

ಮೊದಲು ಕಂಡಿದ್ದು ನೆಕ್ಕುವ ಚಾಳಿ. ಮೂಲೆಯಲ್ಲಿ ಬಿದ್ದುಕೊಂಡು ಹಲ್ಲಿನಿಂದ ಚೀಲ ಎಳೆದುಹಾಕಿ ಮುಂಗಾಲನ್ನು ಬಿಡದೆ ನೆಕ್ಕುತ್ತಿತ್ತು, ಕೆಲವೊಮ್ಮೆ ಬೆರಳ ಸಂದಿಯನ್ನು ಕಚ್ಚಿಕೊಳ್ಳುತ್ತಿತ್ತು. ಬಿಳಿ ಇದ್ದ ಕೂದಲು ಅಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಆಮೇಲೆ ವಾಸನೆ ಶುರುವಾಯಿತು. ಹುಳಿ ವಾಸನೆ, ಮುಚ್ಚಿಟ್ಟು ಮರೆತ ಹಿಟ್ಟಿನದ್ದು. ಮೊದಲು ನಡುಮನೆಯಲ್ಲಿ, ಆಮೇಲೆ ಮನೆಯಲ್ಲೆಲ್ಲ.

ಹುಳಿ ಹಿಟ್ಟಿನ ವಾಸನೆ ಮನೆಗೆ ಎಲ್ಲಿಂದ ಬರಬೇಕು? ಸಿಸ್ಟರಿಗೆ ಹುಡುಕುವ ಕಷ್ಟವೇ ಬೀಳಲಿಲ್ಲ. ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಮೂಗು ಮುರಿದರು.

"ನಿನ್ನ ಬೇಕರೀನೆಲ್ಲ ಮೈಮೇಲೆ ಹೊತ್ಕೊಂಡು ಬರ್ತೀಯಲ್ಲ ಕಣೇ. ಅದೇ ಕೈಲಿ ನಾಯಿ ಮುಟ್ಟಿದ್ರೆ ಅದರ ಕಾಲು ಇನ್ನೇನಾಗುತ್ತೆ?"

"ಅತ್ತೆ, ನಾನು ಅಲ್ಲೇ ಸೋಪು ಹಾಕಿ ಕೈ ತೊಳ್ಕೊಂಡು ಬರ್ತೀನಿ."

"ನೀನು ತೊಳ್ಕೊಳ್ಳೋದನ್ನ ನಾನು ನೋಡಿಲ್ವಾ?"

ಅಂದಿನಿಂದ ಸೊಸೆ ಹಿಂದಿನ ಬಾಗಿಲಿನಿಂದ ಬರಬೇಕಾಯಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪರದೆಯ ಮರೆಯಲ್ಲಿ ಬಟ್ಟೆ ಬದಲಾಯಿಸಿ, ಮೊಣಕೈ ತನಕ ಉಜ್ಜಿಕೊಂಡು ಒಳಗೆ ಕಾಲಿಡಬೇಕು. ಪಕ್ಕದ ಮನೆಯವಳು ಬಟ್ಟೆ ಹರವಲು ಬಂದು ಒಂದು ದಿನ ಇದನ್ನು ನೋಡಿ, ನೋಡದವಳಂತೆ ವಾಪಸು ಹೋದಳು. ಸೊಸೆಗೆ ಅಲ್ಲೇ ಕಣ್ಣು ತುಂಬಿ ಬಂತು. ಒಳಗೆ ದರ್ಜಿ ಯಂತ್ರ ಜೋರಾಗಿ ತುಳಿದರು.

ವಾಸನೆ ಕಡಿಮೆಯಾಗಲಿಲ್ಲ. ಬನ್ನು ಕುಂಟತೊಡಗಿತು. ಸಿಸ್ಟರ್ ಇನ್ನೂ ಹೆಚ್ಚು ಸಲ ತೊಳೆದರು, ಹೊರಗೆ ಹೋಗದ ದಿನವೂ ತೊಳೆದರು. ಔಷಧಿ ಹನಿಯಿಸಿದಾಗ ಬನ್ನು ನಡುಗುತ್ತಿತ್ತು, ಆದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರು ಹಣ್ಣು ತರಲು ಹೋಗಿ ಬರುವಷ್ಟರಲ್ಲಿ ಸೊಸೆ ನಡುಮನೆಯ ನೆಲದ ಮೇಲೆ ಕೂತು, ಚೀಲ ಬಿಚ್ಚಿ, ತನ್ನ ಹಳೆಯ ದುಪಟ್ಟಾದಿಂದ ಬನ್ನುವಿನ ಕಾಲನ್ನು ಒತ್ತಿ ಒತ್ತಿ ಒರೆಸುತ್ತಿದ್ದಳು.

"ಯಾರು ನಿನಗೆ ಮುಟ್ಟೋಕೆ ಹೇಳಿದ್ದು?"

"ತುಂಬಾ ಒದ್ದೆ ಇತ್ತು ಅತ್ತೆ. ಪಾಪ, ನಡುಗ್ತಾ ಇದ್ದ."

"ಆ ಕೊಳೆ ಬಟ್ಟೇಲಿ ಒರೆಸಿ, ಒರೆಸಿ, ನೀನೇ ಇದನ್ನ ಈ ಗತಿಗೆ ತಂದಿದ್ದು! ಇವತ್ತು ಕೈಗೆ ಸಿಕ್ಕಿಬಿದ್ದೆ ನೋಡು."

ಅಂದು ಸಿಸ್ಟರ್ ತೀರ್ಪು ಕೊಟ್ಟೇಬಿಟ್ಟರು. ಬೇಕರಿ ಅಥವಾ ನಾಯಿ, ಎರಡರಲ್ಲಿ ಒಂದೇ ಈ ಮನೆಯಲ್ಲಿ ಇರುವುದು. ಬೇಕರಿ ಬೇಕೆಂದರೆ ಬನ್ನುವನ್ನು ಯಾರಿಗಾದರೂ ಕೊಟ್ಟುಬಿಡೋಣ. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ತನ್ನ ಅಂಗೈಯನ್ನೇ ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡಳು.

"ಕೆಲಸ ಬಿಡ್ತೀನಿ ಅತ್ತೆ. ನಾಳೆ ಹೋಗಿ ಹೇಳ್ತೀನಿ."

ಗೆದ್ದವರಿಗೆ ಇರಬೇಕಾದ ಸಂತೋಷ ಸಿಸ್ಟರಿಗೂ ಇತ್ತು. ಮರುದಿನ ಬನ್ನು ಎಡ ಮುಂಗಾಲನ್ನು ನೆಲಕ್ಕೆ ಊರಲೇ ಇಲ್ಲ. ಸೊಸೆ ಆಗಲೇ ಬೇಕರಿಗೆ ಹೋಗಿದ್ದಳು. ಸಿಸ್ಟರ್ ಗಂಡನನ್ನು ಎಬ್ಬಿಸಿಕೊಂಡು, ಆಟೋ ಹಿಡಿದು ಪ್ರಾಣಿಗಳ ಡಾಕ್ಟರ ಹತ್ತಿರ ಹೊರಟರು. ಒಂದು ಮುಲಾಮು ಬರೆಸಿಕೊಳ್ಳುವುದು, ಜೊತೆಗೆ ತಮ್ಮ ಮಾತಿಗೆ ಡಾಕ್ಟರ ಬಾಯಿಂದಲೂ ಒಂದು ಹೂಂ ಹಾಕಿಸಿಕೊಳ್ಳುವುದು, ಇದು ಅವರ ಲೆಕ್ಕ.

ಡಾಕ್ಟರು ಮಗಳ ವಯಸ್ಸಿನ ಹೆಂಗಸು. ಕಿರಿದಾದ ಕೋಣೆ, ನಡುವೆ ಸ್ಟೀಲಿನ ಮೇಜು, ಗೋಡೆಯ ಹತ್ತಿರ ಮೈಕ್ರೋಸ್ಕೋಪು. ಸಿಸ್ಟರ್ ತಮ್ಮ ಪರಿಚಯ ಹೇಳಿಕೊಂಡಾಗ ಆಕೆಯ ಮುಖ ಅರಳಿತು.

"ಥಿಯೇಟರ್ ಸಿಸ್ಟರಾ? ಹಾಗಾದ್ರೆ ನನಗೆ ಅರ್ಧ ಕೆಲಸ ಕಮ್ಮಿ ಆಯ್ತು ಬಿಡಿ. ನಿಮ್ಮಂಥೋರ ಮನೆ ನಾಯಿ ಅದೃಷ್ಟ ಮಾಡಿರುತ್ತೆ."

ಸಿಸ್ಟರ್ ಸೆರಗು ಸರಿ ಮಾಡಿಕೊಂಡರು. ದರ್ಜಿ ಬನ್ನುವನ್ನು ಎತ್ತಿ ಮೇಜಿನ ಮೇಲಿಟ್ಟರು. ಡಾಕ್ಟರು ಚೀಲದ ಇಲಾಸ್ಟಿಕ್ ಸಡಿಲಿಸಿ ಎಳೆದದ್ದೇ ತಡ, ಕೋಣೆ ತುಂಬ ಆ ಹುಳಿ ವಾಸನೆ ಹರಡಿತು.

"ಅದು ನನ್ನ ಸೊಸೆ ಬೇಕರಿ ವಾಸನೆ ಡಾಕ್ಟ್ರೇ. ಮನೆಯೆಲ್ಲ ಹಿಡ್ಕೊಂಡುಬಿಟ್ಟಿದೆ."

"ಸೊಸೆ ಬಂದಿದಾರಾ?"

"ಇಲ್ಲ, ಅವಳು ಕೆಲಸಕ್ಕೆ ಹೋಗಿದಾಳೆ."

"ಮತ್ತೆ ಇದು ಅವರ ವಾಸನೆ ಹೇಗಾಗುತ್ತೆ ಸಿಸ್ಟರ್?" ಡಾಕ್ಟರು ಬನ್ನುವಿನ ಪಾದವನ್ನು ಮೂಸಿ ತಲೆಯಾಡಿಸಿದರು. "ಇಲ್ಲಿಂದ ಬರ್ತಿದೆ."

ಅಷ್ಟು ದಿನ ಅದೇ ಪಾದವನ್ನು ಕೈಯಲ್ಲಿ ಹಿಡಿದು ಕೂತಿದ್ದವರು ಸಿಸ್ಟರ್, ಆದರೆ ಆಗ ಅವರ ಮೂಗಿಗೆ ಔಷಧಿಯ ಘಾಟು ಬಿಟ್ಟು ಬೇರೇನೂ ಬಂದಿರಲಿಲ್ಲ.

ಡಾಕ್ಟರು ದೀಪ ಹತ್ತಿರ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸಂದಿಯಲ್ಲಿ ಚರ್ಮ ಕೆಂಪಗೆ ಊದಿಕೊಂಡಿತ್ತು, ಕೆಲವು ಕಡೆ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು, ಉಗುರಿನ ಬುಡದಲ್ಲಿ ಕಂದು ಜಿಡ್ಡು. ಮುಳ್ಳೇನಾದರೂ ಚುಚ್ಚಿದೆಯೇ, ಗಾಯವಾಗಿದೆಯೇ, ಕಿವಿಯಲ್ಲೂ ತುರಿಕೆ ಇದೆಯೇ ಎಂದು ನೋಡಿದರು. ಪಾರದರ್ಶಕ ಟೇಪಿನ ತುಂಡನ್ನು ಬೆರಳ ಸಂದಿಗೆ ಒತ್ತಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರು. ಆಮೇಲೆ ಸಿಸ್ಟರನ್ನೂ ಕರೆದು ತೋರಿಸಿದರು. ನೇರಳೆ ಬಣ್ಣದಲ್ಲಿ ಕಡಲೆಕಾಯಿಯ ಆಕಾರದ ಚುಕ್ಕೆಗಳು ಗುಂಪು ಗುಂಪಾಗಿದ್ದವು.

"ಇದು ಯೀಸ್ಟು. ಜೊತೆಗೆ ಬ್ಯಾಕ್ಟೀರಿಯಾನೂ ಸೇರ್ಕೊಂಡಿದೆ."

"ಯೀಸ್ಟು!" ಮುಳುಗುತ್ತಿದ್ದವರಿಗೆ ಹಗ್ಗ ಸಿಕ್ಕಿದಂತಾಯಿತು. "ಅದನ್ನೇ ಅಲ್ವಾ ಬೇಕರೀಲಿ ಹಿಟ್ಟಿಗೆ ಹಾಕೋದು? ನಾನು ಹೇಳ್ತಾನೇ ಇದ್ದೆ."

"ಅಯ್ಯೋ, ಅದೇ ಬೇರೆ, ಇದೇ ಬೇರೆ ಸಿಸ್ಟರ್. ಇದು ಎಲ್ಲಾ ನಾಯಿಗಳ ಮೈಮೇಲೂ ಅಷ್ಟಿಷ್ಟು ಇದ್ದೇ ಇರುತ್ತೆ, ತನ್ನ ಪಾಡಿಗೆ ಇರುತ್ತೆ. ಒದ್ದೆ ಜಾಗ, ಗಾಳಿ ಆಡದ ಜಾಗ ಸಿಕ್ರೆ ಮಾತ್ರ ಹೀಗೆ ಬೆಳೆಯುತ್ತೆ." ಅವರು ಚೀಲವನ್ನು ಎತ್ತಿ ಒಳಗೆ ಬೆರಳಿಟ್ಟು ನೋಡಿದರು. ಬೆರಳು ಒದ್ದೆಯಾಗಿ ಹೊರಬಂತು. "ಒಳಗೆ ಪ್ಲಾಸ್ಟಿಕ್ ಥರ ಇದೆಯಲ್ಲ. ಕಾಲು ತೊಳೆದು ಒರೆಸದೆ ಇದನ್ನ ಹಾಕ್ತಾರಾ? ಆಂಟಿಸೆಪ್ಟಿಕ್ಕೂ ತುಂಬಾ ಗಟ್ಟಿ ಬಿದ್ದಿದೆ, ಚರ್ಮ ಸುಟ್ಟ ಹಾಗಾಗಿದೆ ನೋಡಿ ಇಲ್ಲಿ. ಯಾರು ತೊಳೆಯೋದು?"

ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ಯಾರಿಗೆ ತಿಳಿಸಿ ಹೇಳಬೇಕೆಂದು ಆಕೆ ಕೇಳಿದ್ದಷ್ಟೇ. ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅದೃಷ್ಟದ ನಾಯಿ ಎಂದು ಹೊಗಳಿಸಿಕೊಂಡು ಇನ್ನೂ ಕುರ್ಚಿ ಬೆಚ್ಚಗಾಗಿರಲಿಲ್ಲ.

"ನನ್ನ ಸೊಸೆ" ಎಂದರು ಸಿಸ್ಟರ್.

ದರ್ಜಿ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು.

"ಅವರಿಗೆ ಬೈಯಬೇಡಿ ಸಿಸ್ಟರ್," ಎಂದರು ಡಾಕ್ಟರು, ಬನ್ನುವಿನ ಕತ್ತು ಸವರುತ್ತ. "ಇಷ್ಟು ತೊಳೀಬೇಕು ಅಂದ್ರೆ ಎಷ್ಟು ಪ್ರೀತಿ ಇರಬೇಕು. ಗೊತ್ತಾಗದೆ ಆಗಿದ್ದು. ನೀವೇ ಸಮಾಧಾನವಾಗಿ ಹೇಳಿಕೊಡಿ, ಮುಂದಿನ ಸಲ ಬರೋವಾಗ ಅವರನ್ನೂ ಕರ್ಕೊಂಡು ಬನ್ನಿ."

ಬೈದಿದ್ದರೆ ಸಿಸ್ಟರ್ ತಡೆದುಕೊಳ್ಳುತ್ತಿದ್ದರು. ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸವಿತ್ತು. ಈ ಕರುಣೆ ತಮಗೆ ಸೇರಬೇಕಾದದ್ದು, ಅದು ಸೊಸೆಯ ಹೆಸರಿಗೆ ಹೋಯಿತು, ಜೊತೆಗೆ ತಪ್ಪೂ ಹೋಯಿತು. ನಾಚಿಕೆಯಿಂದ ಕಿವಿ ಬಿಸಿಯಾಗಿ ಡಾಕ್ಟರು ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಚೀಲ ಬೇಡವೇ ಬೇಡ. ಮನೆಯ ಆಂಟಿಸೆಪ್ಟಿಕ್ ಇನ್ನು ಮುಟ್ಟಬಾರದು. ಬರೆದುಕೊಟ್ಟ ಔಷಧಿಯ ಶಾಂಪೂ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒಂದೊಂದು ಬೆರಳ ಸಂದಿಯನ್ನೂ ಒತ್ತಿ ಒಣಗಿಸಬೇಕು, ಉಜ್ಜಬಾರದು. ಆಮೇಲೆ ಮುಲಾಮು. ನೆಕ್ಕದಂತೆ ಕತ್ತಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ. ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸಬಾರದು.

ಆಟೋದಲ್ಲಿ ದರ್ಜಿ ಬನ್ನುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಮನೆಯ ತಿರುವು ಬಂದಾಗ ಬಾಯಿ ಬಿಟ್ಟರು.

"ಅಲ್ಲಿ ಆಡಿದ ಮಾತನ್ನ ನಾನು ಮನೇಲಿ ಹೇಳಲ್ಲ. ಹೇಳೋದಿದ್ರೆ ನೀನೇ ಹೇಳ್ಬೇಕು."

"ಚೀಲ ಹೊಲಿದೋರು ಯಾರು?" ಎಂದರು ಸಿಸ್ಟರ್ ಸಿಡುಕಿ.

"ನಾನೇ. ನನಗೂ ನಾಚಿಕೆ ಆಗ್ತಾ ಇದೆ. ಆದ್ರೆ ನಾನು ಅವಳ ಹೆಸರು ಹೇಳಿಲ್ಲ."

ಸೊಸೆ ಆಗಲೇ ಮನೆಗೆ ಬಂದಿದ್ದಳು. ಅಷ್ಟು ಬೇಗ ಬಂದಿದ್ದಾಳೆ ಎಂದರೆ ಕೆಲಸ ಬಿಡುವ ಮಾತು ಹೇಳಿಯೇ ಬಂದಿದ್ದಾಳೆ ಎಂದು ಅರ್ಥ. ಹಿಂಬಾಗಿಲ ಪರದೆಯ ಹತ್ತಿರ ನಿಂತು, ಕೆಂಪಾಗುವಷ್ಟು ಕೈ ಉಜ್ಜಿಕೊಳ್ಳುತ್ತಿದ್ದಳು.

"ಬೇಕರಿ ಬಿಡೋದು ಬೇಡ," ಎಂದರು ಸಿಸ್ಟರ್. "ಅದರಿಂದ ಬಂದಿದ್ದಲ್ವಂತೆ."

"ಮತ್ತೆ ಯಾವುದರಿಂದ ಬಂತು ಅತ್ತೆ?"

"ನೀರಿನಿಂದ."

ಸೊಸೆ ನಲ್ಲಿ ನಿಲ್ಲಿಸಿದಳು. ಬನ್ನುವಿನ ಬರಿಗಾಲನ್ನು ನೋಡಿದಳು, ಮಾವನ ಕೈಯಲ್ಲಿದ್ದ ಒದ್ದೆ ಚೀಲಗಳನ್ನು ನೋಡಿದಳು. ತಿಳಿಯದಿರಲು ಅವಳೇನು ಎಳೆಯ ಮಗುವೇ?

"ನೀರು ಯಾರು ಹಾಕಿದ್ದು ಅಂತ ನಾನು ಕೇಳಲ್ಲ ಅತ್ತೆ," ಎಂದಳು. "ನೀವು ಬೈದಿದ್ದೂ ಹೋಗಲಿ. ನಾನೂ ನಂಬಿಬಿಟ್ಟಿದ್ದೆ. ಕೆಲಸದಲ್ಲೂ ಕದ್ದು ಕದ್ದು ನನ್ನ ಕೈ ನಾನೇ ಮೂಸ್ತಾ ಇದ್ದೆ. ರಾತ್ರಿ ಗಂಡನ ಪಕ್ಕ ಮಲಗೋಕೂ ನಾಚಿಕೆ ಆಗ್ತಿತ್ತು. ಇವತ್ತು ಹೇಳಿ ಬಂದೆ, ಒಲೆಗೆ ಬೇರೆಯೋಳನ್ನ ಹಾಕಿಯಾಯ್ತು."

ತಪ್ಪಾಯಿತು ಎನ್ನುವ ಮಾತನ್ನು ಸಿಸ್ಟರ್ ಆಡಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತರು, ಊಟಕ್ಕೆ ಕರೆದರೂ ಏಳಲಿಲ್ಲ.

ಸೊಸೆ ಮತ್ತೆ ಬೇಕರಿಗೆ ಹೋದಳು, ಆದರೆ ಒಲೆಯ ಹತ್ತಿರಕ್ಕಲ್ಲ. ಬ್ರೆಡ್ಡಿಗೆ ಕಾಗದ ಸುತ್ತುವ ಮೇಜಿಗೆ. ಬಂದ ಮೇಲೆ ಬನ್ನುವಿನ ಕಾಲಿನ ಆರೈಕೆ ಅವಳದಾಯಿತು. ಹಾಗೆಂದು ಯಾರೂ ಹೇಳಲಿಲ್ಲ, ಸಿಸ್ಟರ್ ಬಚ್ಚಲಿನ ಕಡೆ ಸುಳಿಯಲಿಲ್ಲ ಅಷ್ಟೇ. ಬನ್ನು ಮಾತ್ರ ಕತ್ತಿನ ಪ್ಲಾಸ್ಟಿಕ್ ಪಟ್ಟಿಯನ್ನು ಬಾಗಿಲಿಗೆಲ್ಲ ಬಡಿಸಿಕೊಂಡು ಅವರನ್ನೇ ಹುಡುಕಿಕೊಂಡು ಬಂದು ಮಂಚದ ಹತ್ತಿರ ಮಲಗುತ್ತಿತ್ತು. ಆ ನಂಬಿಕೆಯನ್ನು ನೋಡಿ ಸಿಸ್ಟರ್ ಮುಖ ಗೋಡೆಗೆ ತಿರುಗಿಸುತ್ತಿದ್ದರು. ದಿನ ಕಳೆದಂತೆ ಊತ ಇಳಿಯಿತು, ಕೆಂಪು ಮಾಸಿತು, ಮನೆಯ ವಾಸನೆ ಹೋಯಿತು. ಬನ್ನು ನಾಲ್ಕೂ ಕಾಲೂರಿ ನಡೆಯತೊಡಗಿತು.

ಇನ್ನೊಮ್ಮೆ ಡಾಕ್ಟರಿಗೆ ತೋರಿಸುವ ದಿನ ಬಂತು. ದಾರಿಯಲ್ಲೇ ಸೊಸೆಗೆ ಹೇಳಿಬಿಡಬೇಕೆಂದು ಸಿಸ್ಟರ್ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸಿದ್ದರು. ಆಟೋ ಹತ್ತಿದರು, ಇಳಿದರು, ಮಾತು ಜೋಡಿಸಿಟ್ಟಲ್ಲೇ ಇತ್ತು. ದರ್ಜಿ ಹೆಂಡತಿಯನ್ನು ಎರಡು ಸಲ ತಿರುಗಿ ನೋಡಿದರು. ಕಾಯುವ ಬೆಂಚು ಬೆಕ್ಕು ನಾಯಿಗಳನ್ನು ಹಿಡಿದುಕೊಂಡವರಿಂದ ತುಂಬಿತ್ತು, ಒಳಗಿನ ಕೋಣೆಗೆ ಬಾಗಿಲಿಲ್ಲ, ಅರ್ಧ ಪರದೆ ಮಾತ್ರ. ಒಳಗೆ ಆಡಿದ ಪ್ರತಿ ಮಾತೂ ಹೊರಗೆ ಕೇಳಿಸುತ್ತಿತ್ತು.

ಡಾಕ್ಟರು ಪಾದ ಬಿಡಿಸಿ ನೋಡಿ ಖುಷಿಯಾದರು. ಸೊಸೆಯ ಕಡೆ ತಿರುಗಿ ಹೆಗಲು ತಟ್ಟಿದರು.

"ನೀವೇ ಅಲ್ವಾ ಸೊಸೆ? ಬೇಜಾರು ಮಾಡ್ಕೋಬೇಡಿ. ಮೊದಲು ಹಾಗೆ ತೊಳೆದಿದ್ದು ನೀವೇ ಅಂತ ಸಿಸ್ಟರ್ ಹೇಳಿದ್ರು. ಈಗ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದೀರಿ!"

ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಮೊದಲು ಆಶ್ಚರ್ಯ ಬಂತು, ಆಮೇಲೆ ಅದು ಹೋಯಿತು. ಅತ್ತೆಯ ಬಿಳಿಚಿದ ಮುಖವನ್ನೂ, ಸೆರಗಿನ ತುದಿಯನ್ನು ಹಿಂಡುತ್ತಿದ್ದ ಕೈಯನ್ನೂ ಅವಳು ನೋಡಿದಳು. ಪರದೆಯ ಆಚೆ ಕೂತವರ ಚಪ್ಪಲಿಗಳು ಕಾಣುತ್ತಿದ್ದವು.

"ಹೌದು ಡಾಕ್ಟ್ರೇ," ಎಂದಳು ಸೊಸೆ. "ನನಗೆ ಗೊತ್ತಾಗಲಿಲ್ಲ."

ಅಷ್ಟು ದಿನ ಅವಳನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟವರು ಇವರು. ಈಗ ಅವಳು ತಮ್ಮ ಮಾನ ಕಾಯುತ್ತಿದ್ದಾಳೆ, ತಾವು ಕೇಳದಿದ್ದರೂ ಕಾಯುತ್ತಿದ್ದಾಳೆ. ಇದಕ್ಕಿಂತ ಅವಳು ಎಲ್ಲರೆದುರು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಿಸ್ಟರ್ ಕಣ್ಣಲ್ಲಿ ನೀರು ತುಂಬಿತು. ಬಾಯಿಂದ ಬಂದದ್ದು ಮಾತ್ರ ಥಿಯೇಟರಿನ ಹಳೆಯ ಗದರುವ ದನಿಯೇ, ಏಕೆಂದರೆ ಅವರಿಗೆ ಬೇರೆ ದನಿ ಗೊತ್ತಿರಲಿಲ್ಲ.

"ಸುಳ್ಳು! ಅವಳು ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ!"

ಪರದೆಯ ಆಚೆಯ ಚಪ್ಪಲಿಗಳು ಇತ್ತ ತಿರುಗಿದವು.

"ತೊಳೆದಿದ್ದು ನಾನು. ಒರೆಸೋಕೆ ಬಿಡದೆ ಇದ್ದಿದ್ದು ನಾನು. ಚೀಲ ಹಾಕಿಸಿದ್ದೂ ನಾನೇ. ಅವಳು ಒರೆಸೋಕೆ ಬಂದ್ರೆ ಅವಳ ಮೇಲೇ ಹಾರಾಡಿದೆ, ಅವಳ ಮೈ ನಾರುತ್ತೆ ಅಂದೆ, ಅವಳ ಕೆಲಸ ಕಳೆದೆ. ಆಮೇಲೆ ಇಲ್ಲಿ ಬಂದು ನಿಮ್ಮ ಮುಂದೆ ಅವಳ ಹೆಸರು ಹೇಳಿದೆ."

ದರ್ಜಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಡಾಕ್ಟರು ಬನ್ನುವಿನ ಬೆನ್ನು ಸವರುತ್ತ ಮೆತ್ತಗೆ ಕರೆದರು.

"ಹಾಗಾದ್ರೆ ಬನ್ನಿ ಸಿಸ್ಟರ್. ಕಾಲು ಹೇಗೆ ಒಣಗಿಸೋದು ಅಂತ ನಿಮಗೇ ತೋರಿಸ್ತೀನಿ."

"ಬೇಡ ಡಾಕ್ಟ್ರೇ," ಎಂದರು ಸಿಸ್ಟರ್, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಅದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಅವಳು ಹೇಳಿಕೊಟ್ರೆ ಕಲೀತೀನಿ."

ಸೊಸೆ ಮೇಜಿನ ಮೇಲಿದ್ದ ಬಟ್ಟೆಯನ್ನು ತೆಗೆದುಕೊಂಡು ಅತ್ತೆಯ ಕೈಗೆ ಕೊಟ್ಟಳು.